ಸಿಲಿಕಾನಿನಲ್ಲಿ ಮಿದುಳು, ಪೇಟೆಯಲ್ಲಿ ಷೇರು

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನನ್ನ ಸೋದರಮಾವನವರು ಮನೆಗೆ ಬಂದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು; ಯಾವುದನ್ನೂ ಕೂಡಿ ಕಳೆದು ನೋಡದೆ ಒಪ್ಪುವ ಸ್ವಭಾವದವರಲ್ಲ. ಕಾಫಿ ಮುಗಿಯುವ ಮೊದಲೇ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. ಪರಿಚಿತರೊಬ್ಬರು ಅವರಿಗೆ ಕಳುಹಿಸಿದ ಸುದ್ದಿಯ ಪ್ರತಿ ಅದು. ಮನುಷ್ಯನ ಮಿದುಳಿನಂತೆ ಕೆಲಸ ಮಾಡುವ ಚಿಪ್ ಒಂದನ್ನು ಪರದೇಶದ ಕಂಪನಿಯೊಂದು ವಿಶ್ವವಿದ್ಯಾನಿಲಯದೊಡನೆ ಸೇರಿ ನಿರ್ಮಿಸುತ್ತಿದೆ. ಅದರ ಷೇರನ್ನು ಈಗಲೇ ಕೊಂಡವರ ಭಾಗ್ಯವೇ ಭಾಗ್ಯ ಎಂಬುದು ಅದರ ಸಾರಾಂಶ.

"ನೋಡಯ್ಯ, ನೀನು ಎಂ.ಎ. ಓದಿದವನು. ಇದು ನಿಜವೋ ಸುಳ್ಳೋ ಹೇಳು" ಎಂದರು.

"ನಾನು ಓದಿದ್ದು ಕನ್ನಡ ಎಂ.ಎ., ಮಾವ."

"ಓದಲು ಬಂದವನಿಗೆ ಯಾವುದಾದರೇನು? ಓದಿ, ತಿಳಿದು ಹೇಳು. ಅವಸರವಿಲ್ಲ. ಆದರೆ ಮೂರು ಲಕ್ಷದ ಮಾತು."

ಆ ಮೂರು ಲಕ್ಷ ಯಾವುದೆಂಬುದು ನನಗೆ ಗೊತ್ತಿತ್ತು. ನಿವೃತ್ತಿಯಲ್ಲಿ ಬಂದ ಹಣದಿಂದ ಮೊಮ್ಮಗಳ ಕಾಲೇಜು ಓದಿಗೆಂದು ತೆಗೆದಿರಿಸಿದ ಗಂಟು ಅದು. ಚಿಪ್ ಕಂಪನಿಯ ಷೇರಿನ ವಿಷಯದಲ್ಲಿ ನಾನೂ ಒಮ್ಮೆ ಕೈ ಸುಟ್ಟುಕೊಂಡವನು. ದಿನಪತ್ರಿಕೆಯ ತಲೆಬರಹವೊಂದನ್ನು ನಂಬಿ ಹೂಡಿದ ಸಣ್ಣ ಮೊತ್ತ ವರ್ಷದೊಳಗೆ ಅರ್ಧವಾದುದನ್ನು ನನ್ನಾಕೆ ಇಂದಿಗೂ ಸಮಯ ನೋಡಿ ನೆನಪಿಸುವುದುಂಟು. ಆದುದರಿಂದ ಈ ಸಲ ಆತುರದ ಉತ್ತರ ಕೊಡುವ ಧೈರ್ಯ ನನಗಾಗಲಿಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಗೆಳೆಯರನ್ನು ಕಾಡಿ, ಗ್ರಂಥಾಲಯದಲ್ಲಿ ಕುಳಿತು, ತಿಂಗಳ ಕಾಲ ಓದಿದೆ. ತಿಳಿದುಬಂದ ಸಂಗತಿಗಳು ಮಾವನವರಿಗಷ್ಟೇ ಅಲ್ಲ, ಕೂಡಿಟ್ಟ ಹಣವುಳ್ಳ ಯಾವ ಸಂಸಾರಸ್ಥರಿಗೂ ಪ್ರಯೋಜನವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಇಪ್ಪತ್ತು ವ್ಯಾಟಿನ ಸೋಜಿಗ

ಮೊದಲು ಮಿದುಳಿನ ವಿಚಾರ. ಪ್ರಾಯಕ್ಕೆ ಬಂದ ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದೊಂದು ನರಕೋಶವೂ ಸಾವಿರಾರು ನೆರೆಹೊರೆಯವುಗಳೊಡನೆ ಸಂಬಂಧವಿಟ್ಟುಕೊಂಡಿರುತ್ತದೆ. ಇಷ್ಟೊಂದು ದೊಡ್ಡ ಸಂಸಾರ ನಡೆಯಲು ಬೇಕಾಗುವ ಶಕ್ತಿ ಸುಮಾರು ೨೦ ವ್ಯಾಟ್ ಮಾತ್ರ. ದೇವರ ಮನೆಯಲ್ಲಿ ಮಿಣುಕುವ ಸಣ್ಣ ಬಲ್ಬಿನಷ್ಟು. ಮುಖ ನೋಡಿ ಗುರುತು ಹಿಡಿಯುವುದು, ಒಗ್ಗರಣೆಯ ವಾಸನೆಯಿಂದ ಪಕ್ಕದ ಮನೆಯ ಅಡುಗೆಯನ್ನು ಊಹಿಸುವುದು, ಹಳೆಯ ಸಾಲವನ್ನು ನೆನಪಿಡುವುದು ಎಲ್ಲವೂ ಆ ಇಪ್ಪತ್ತು ವ್ಯಾಟಿನಲ್ಲಿಯೇ ಆಗಬೇಕು.

ಇತ್ತ ಕೃತಕ ಬುದ್ಧಿಯ ಗಣಕಯಂತ್ರಗಳನ್ನು ನೋಡಿ. ಎನ್ವಿಡಿಯಾ ಕಂಪನಿಯ ಹೆಚ್-೧೦೦ ಎಂಬ ಹೆಸರಾಂತ ಚಿಪ್ ಒಂದೇ ೭೦೦ ವ್ಯಾಟಿನವರೆಗೆ ವಿದ್ಯುತ್ತನ್ನು ಬಯಸುತ್ತದೆ. ಅಂಥ ಚಿಪ್‌ಗಳನ್ನು ಸಾವಿರ ಸಾವಿರವಾಗಿ ಒಂದೆಡೆ ಕೂಡಿಹಾಕಿ ದುಡಿಸುತ್ತಾರೆ. ವಿದ್ಯುತ್ತಿನ ವೆಚ್ಚವೇ ಈ ಉದ್ಯಮಕ್ಕೆ ದೊಡ್ಡ ತಲೆನೋವಾಗಿದೆ. ಹೀಗಿರಲು ಮಿದುಳಿನ ಮಿತವ್ಯಯದ ಗುಟ್ಟನ್ನು ಅರಿತು ಸಿಲಿಕಾನಿಗೆ ಕಲಿಸಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜವೇ.

ಅಡುಗೆಮನೆಯೂ ಉಗ್ರಾಣವೂ

ವ್ಯತ್ಯಾಸದ ಮೂಲ ಎಲ್ಲಿದೆ? ೧೯೪೫ರಲ್ಲಿ ಹಂಗೆರಿ ಮೂಲದ ಗಣಿತಜ್ಞ ಜಾನ್ ವಾನ್ ನ್ಯೂಮನ್ ಗಣಕಯಂತ್ರದ ರಚನೆಯನ್ನು ಕುರಿತು ಒಂದು ವರದಿಯನ್ನು ಬರೆದನು. ಲೆಕ್ಕ ಮಾಡುವ ಭಾಗ ಒಂದು ಕಡೆ, ನೆನಪಿನ ಭಾಗ ಇನ್ನೊಂದು ಕಡೆ. ಇಂದಿಗೂ ನಮ್ಮ ಮೇಜಿನ ಮೇಲಿನ ಕಂಪ್ಯೂಟರು, ಕೈಯಲ್ಲಿನ ಫೋನು ಎಲ್ಲವೂ ಬಹುಮಟ್ಟಿಗೆ ಆ ಕಟ್ಟಳೆಯಲ್ಲಿಯೇ ನಡೆಯುತ್ತಿವೆ.

ದೊಡ್ಡ ಮನೆಯೊಂದರಲ್ಲಿ ಅಡುಗೆಮನೆ ಮುಂದೆ, ಉಗ್ರಾಣ ಹಿತ್ತಲಿನಲ್ಲಿ ಇದೆಯೆಂದು ಭಾವಿಸಿ. ಅಡುಗೆಯವನು ಒಂದು ಚಿಟಿಕೆ ಸಾಸಿವೆ ಬೇಕಾದರೂ ಹಿತ್ತಲಿಗೆ ಹೋಗಿ ತರಬೇಕು. ಉಳಿದುದನ್ನು ಮತ್ತೆ ಅಲ್ಲಿಯೇ ಇಟ್ಟು ಬರಬೇಕು. ಅವನ ಕೈ ಎಷ್ಟೇ ಚುರುಕಾಗಿರಲಿ, ದಿನದ ಬಹುಪಾಲು ಓಡಾಟದಲ್ಲಿಯೇ ಕಳೆದುಹೋಗುತ್ತದೆ. ಜಾನ್ ಬ್ಯಾಕಸ್ ಎಂಬ ಕಂಪ್ಯೂಟರ್ ತಜ್ಞ ೧೯೭೭ರ ತನ್ನ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಈ ಇಕ್ಕಟ್ಟಿಗೆ 'ವಾನ್ ನ್ಯೂಮನ್ ಸೀಸೆಯ ಕೊರಳು' ಎಂದು ಹೆಸರಿಟ್ಟನು. ಮಿದುಳಿನಲ್ಲಿಯಾದರೋ ಉಗ್ರಾಣ ಬೇರೆ ಇಲ್ಲ. ನರಕೋಶಗಳು ಕೂಡುವ ಸಂಧಿಗಳಲ್ಲಿಯೇ ನೆನಪೂ ಇದೆ, ಕೆಲಸವೂ ಇದೆ. ಮತ್ತೊಂದು ವಿಶೇಷವೆಂದರೆ, ನರಕೋಶ ಹೇಳುವ ಸುದ್ದಿಯಿದ್ದಾಗ ಮಾತ್ರ ಒಂದು ಮಿಡಿತವನ್ನು ಕಳುಹಿಸುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಸುಮ್ಮನಿರುವುದರಲ್ಲಿಯೇ ಅರ್ಧ ಉಳಿತಾಯ.

ಸ್ವತಃ ವಾನ್ ನ್ಯೂಮನ್ ಈ ವ್ಯತ್ಯಾಸವನ್ನು ಕಂಡವನೇ. ೧೯೫೭ರಲ್ಲಿ ಆತ ತೀರಿಕೊಂಡ ಮರುವರ್ಷ ಪ್ರಕಟವಾದ ಕೊನೆಯ ಪುಸ್ತಕದ ವಸ್ತು ಗಣಕಯಂತ್ರ ಮತ್ತು ಮಿದುಳಿನ ಹೋಲಿಕೆಯೇ ಆಗಿತ್ತು.

ಮಿದುಳಿಗೆ ಹೊರಟವರು ಬೆರಳಿಗೆ ಬಂದರು

೧೯೮೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿದ್ಯಾಸಂಸ್ಥೆಯಲ್ಲಿ ಮೂವರು ಘಟಾನುಘಟಿಗಳು ಒಟ್ಟಿಗೆ ಒಂದು ಪಾಠವನ್ನು ಹೇಳುತ್ತಿದ್ದರು: ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಜಾನ್ ಹಾಪ್‌ಫೀಲ್ಡ್ ಮತ್ತು ಚಿಪ್ ವಿನ್ಯಾಸದ ಆಚಾರ್ಯನೆನಿಸಿದ ಕಾರ್ವರ್ ಮೀಡ್. ಆ ಸಹವಾಸದ ಫಲವಾಗಿ ಮೀಡ್ ನರಮಂಡಲದ ರೀತಿಯಲ್ಲಿ ವಿದ್ಯುನ್ಮಂಡಲಗಳನ್ನು ಕಟ್ಟತೊಡಗಿದನು; ಆ ವಿದ್ಯೆಗೆ 'ನ್ಯೂರೋಮಾರ್ಫಿಕ್' ಎಂಬ ಹೆಸರನ್ನೂ ಕೊಟ್ಟನು. ನರರೂಪಿ ವಿದ್ಯೆ ಎಂದು ಕನ್ನಡಿಸಬಹುದು. ಅವನ ಶಿಷ್ಯೆ ಮೀಶಾ ಮಹೋವಾಲ್ಡ್ ಸಿಲಿಕಾನಿನಲ್ಲಿ ಕಣ್ಣಿನ ಅಕ್ಷಿಪಟವನ್ನು ರಚಿಸಿ ೧೯೯೧ರಲ್ಲಿ ಗುರುವಿನೊಡನೆ ಅದರ ವೃತ್ತಾಂತವನ್ನು ಪ್ರಕಟಿಸಿದಳು.

ಹೂಡಿಕೆದಾರರು ಗಮನಿಸಬೇಕಾದ ಕಥೆ ಇಲ್ಲಿದೆ. ೧೯೮೬ರಲ್ಲಿ ಮೀಡ್ ಮತ್ತು ಫೆಡೆರಿಕೋ ಫ್ಯಾಜಿನ್ ಸೇರಿ ಸಿನಾಪ್ಟಿಕ್ಸ್ ಎಂಬ ಕಂಪನಿಯನ್ನು ತೆರೆದರು. ಫ್ಯಾಜಿನ್ ಸಾಮಾನ್ಯನಲ್ಲ, ೧೯೭೧ರಲ್ಲಿ ಇಂಟೆಲ್ ಹೊರತಂದ ಮೊದಲ ಮೈಕ್ರೋಪ್ರೊಸೆಸರಿನ ನಿರ್ಮಾಣದಲ್ಲಿ ಮುಂಚೂಣಿಯಲ್ಲಿದ್ದವನು. ಇಂಥ ಇಬ್ಬರು ಕೂಡಿದ ಮೇಲೆ ಸಿಲಿಕಾನಿನ ಮಿದುಳು ನಾಳೆಯೇ ಅಂಗಡಿಗೆ ಬಂದೀತೆಂದು ಯಾರಾದರೂ ನಂಬಿದ್ದರೆ ತಪ್ಪೇನು? ಆದರೆ ಆ ಕಂಪನಿಯ ಅನ್ನದ ದಾರಿಯಾದುದು ಬೇರೊಂದು ವಸ್ತು: ಮಡಿಸುವ ಕಂಪ್ಯೂಟರಿನ ಮೇಲೆ ಬೆರಳನ್ನು ಆಡಿಸುವ ಸ್ಪರ್ಶಫಲಕ. ಮಿದುಳನ್ನು ಅರಸಿ ಹೊರಟವರಿಗೆ ಬೆರಳಿನ ತುದಿಯಲ್ಲಿ ಲಕ್ಷ್ಮಿ ಒಲಿದಳು. ಆ ಕಂಪನಿ ಷೇರುಪೇಟೆಗೆ ಬಂದುದು ೨೦೦೨ರಲ್ಲಿ; ಹುಟ್ಟಿದ ಹದಿನಾರು ವರ್ಷಗಳ ತರುವಾಯ. ಸಂಶೋಧನೆ ಸುಳ್ಳಾಗಲಿಲ್ಲ. ಫಲ ಮಾತ್ರ ನಿರೀಕ್ಷಿಸಿದ ಕೊಂಬೆಯಲ್ಲಿ ಬಿಡಲಿಲ್ಲ, ನಿರೀಕ್ಷಿಸಿದ ಹೊತ್ತಿಗೂ ಬಿಡಲಿಲ್ಲ.

ಸರ್ಕಾರದ ಹಣ, ಪಂಡಿತರ ಕೂಟ

ಮುಂದೆ ಈ ವಿದ್ಯೆಗೆ ಸರ್ಕಾರಗಳ ಆಶ್ರಯ ದೊರೆಯಿತು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾಂಗವಾದ ಡಾರ್ಪಾ ೨೦೦೮ರಲ್ಲಿ ಸಿನಾಪ್ಸ್ ಎಂಬ ಯೋಜನೆಯನ್ನು ಆರಂಭಿಸಿತು. ಐ.ಬಿ.ಎಂ. ಕಂಪನಿ ಕಾರ್ನೆಲ್ ಮೊದಲಾದ ವಿಶ್ವವಿದ್ಯಾನಿಲಯಗಳನ್ನು ಜೊತೆಗೂಡಿಸಿಕೊಂಡಿತು. ಮುಂಬಯಿಯ ಐ.ಐ.ಟಿ.ಯಲ್ಲಿ ಓದಿದ ಧರ್ಮೇಂದ್ರ ಮೋಧಾ ಅವರ ನೇತೃತ್ವದಲ್ಲಿ ೨೦೧೪ರಲ್ಲಿ ಟ್ರೂನಾರ್ತ್ ಎಂಬ ಚಿಪ್ ಸಿದ್ಧವಾಯಿತು. ಹತ್ತು ಲಕ್ಷ ಕೃತಕ ನರಕೋಶಗಳು, ೨೫.೬ ಕೋಟಿ ಸಂಧಿಗಳು; ಬೇಕಾದ ಶಕ್ತಿ ಸುಮಾರು ೭೦ ಮಿಲಿವ್ಯಾಟ್, ಎಂದರೆ ಒಂದು ವ್ಯಾಟಿನ ಹದಿನಾಲ್ಕನೆಯ ಒಂದು ಪಾಲು. ಡಾರ್ಪಾ ಇದಕ್ಕಾಗಿ ಐ.ಬಿ.ಎಂ.ಗೆ ಕೊಟ್ಟುದು ಸುಮಾರು ೫.೩ ಕೋಟಿ ಡಾಲರು. ಇಂಥ ಕಂಪನಿಗೆ ಈ ಮೊತ್ತ ಉಪ್ಪಿನಕಾಯಿಯಷ್ಟು. ಟ್ರೂನಾರ್ತ್ ವಿಜ್ಞಾನ ಪತ್ರಿಕೆಗಳಲ್ಲಿ ಮೆರೆಯಿತು; ಅಂಗಡಿಯ ಸರಕಾಗಲಿಲ್ಲ. ಅದೇ ತಂಡ ೨೦೨೩ರಲ್ಲಿ ನಾರ್ತ್‌ಪೋಲ್ ಎಂಬ ಮತ್ತೊಂದು ಚಿಪ್‌ನ ವಿವರಗಳನ್ನು ಪ್ರಕಟಿಸಿತು. ಇದರಲ್ಲಿ ನರಕೋಶದ ಮಿಡಿತವನ್ನು ಬಿಟ್ಟುಕೊಟ್ಟು, ಉಗ್ರಾಣವನ್ನು ಅಡುಗೆಮನೆಯೊಳಕ್ಕೆ ತರುವ ಒಂದು ಪಾಠವನ್ನು ಮಾತ್ರ ಉಳಿಸಿಕೊಂಡರು. ಮಿದುಳಿನಿಂದ ಕಲಿಯುವುದೆಂದರೆ ಮಿದುಳಿನ ಪ್ರತಿಮೆಯನ್ನು ಕೆತ್ತುವುದಲ್ಲವೆಂಬುದು ಅನುಭವದಿಂದ ಬಂದ ತಿಳಿವು.

ಯೂರೋಪಿನಲ್ಲಿ ೨೦೧೩ರಿಂದ ೨೦೨೩ರವರೆಗೆ ಮಾನವ ಮಿದುಳು ಯೋಜನೆ ನಡೆಯಿತು. ವೆಚ್ಚ ಸುಮಾರು ೬೦ ಕೋಟಿ ಯೂರೋ. ಯೋಜನೆಯ ಗುರಿಯೂ ಆಡಳಿತವೂ ಸರಿಯಿಲ್ಲವೆಂದು ೨೦೧೪ರಲ್ಲಿ ನೂರಾರು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಆದರೂ ಅದರ ಆಶ್ರಯದಲ್ಲಿ ಒಳ್ಳೆಯ ಕೆಲಸಗಳಾದವು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸ್ಟೀವ್ ಫರ್ಬರ್ ಹತ್ತು ಲಕ್ಷ ಸಂಸ್ಕಾರಕಗಳನ್ನು ಜೋಡಿಸಿದ ಸ್ಪಿನ್ನೇಕರ್ ಯಂತ್ರವನ್ನು ೨೦೧೮ರಲ್ಲಿ ಪೂರ್ಣರೂಪದಲ್ಲಿ ಚಾಲನೆಗೊಳಿಸಿದನು. ನಮ್ಮ ಮೊಬೈಲ್ ಫೋನುಗಳ ಜೀವಾಳವಾದ ಆರ್ಮ್ ಸಂಸ್ಕಾರಕದ ಮೂಲ ವಿನ್ಯಾಸಕಾರರಲ್ಲಿ ಈತನೂ ಒಬ್ಬ.

ಗೂಬೆಯ ಮಿದುಳು, ಕಂಪನಿಯ ಕುಸಿತ

ಸಹಕಾರ ಸಂಶೋಧನೆಯಲ್ಲಿ ಎಲ್ಲರಿಗಿಂತ ವಿಶಾಲವಾಗಿ ಚಪ್ಪರ ಹಾಕಿದವರು ಇಂಟೆಲ್ ಕಂಪನಿಯವರು. ೨೦೧೭ರಲ್ಲಿ ಲೋಯಿಹಿ ಎಂಬ ಚಿಪ್ ಅನ್ನು ಪ್ರಕಟಿಸಿ, ಮರುವರ್ಷ ವಿಶ್ವವಿದ್ಯಾನಿಲಯಗಳು, ಸರ್ಕಾರಿ ಪ್ರಯೋಗಶಾಲೆಗಳು, ಕಂಪನಿಗಳು ಇವೆಲ್ಲವನ್ನೂ ಸೇರಿಸಿ ಒಂದು ಸಂಶೋಧನಾ ಸಮುದಾಯವನ್ನು ಕಟ್ಟಿದರು. ಎರಡು ವರ್ಷಗಳಲ್ಲಿ ಸದಸ್ಯರ ಸಂಖ್ಯೆ ನೂರನ್ನು ದಾಟಿತು. ಏರ್‌ಬಸ್, ಹಿಟಾಚಿ, ಮರ್ಸಿಡಿಸ್-ಬೆಂಜ್‌ನಂಥ ಹೆಸರುಗಳೂ ಪಟ್ಟಿಯಲ್ಲಿದ್ದವು.

೨೦೨೦ರಲ್ಲಿ ಇಂಟೆಲ್ ಮತ್ತು ಕಾರ್ನೆಲ್ ಸಂಶೋಧಕರು ಲೋಯಿಹಿಗೆ ವಾಸನೆ ಹಿಡಿಯುವುದನ್ನು ಕಲಿಸಿದರು. ೭೨ ರಾಸಾಯನಿಕ ಸಂವೇದಕಗಳಿಂದ ಬಂದ ಮಾಹಿತಿಯಿಂದ ಹತ್ತು ಅಪಾಯಕರ ವಸ್ತುಗಳನ್ನು, ಒಂದೊಂದನ್ನೂ ಒಂದೇ ಸಲ ಮೂಸಿ, ಅದು ಗುರುತಿಸಿತೆಂದು ಪ್ರಕಟವಾಯಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ೨೦೨೪ರಲ್ಲಿ ಅದೇ ವಿಜ್ಞಾನ ಪತ್ರಿಕೆಯಲ್ಲಿ ಬೇರೆ ಸಂಶೋಧಕರು ಆ ಪ್ರಯೋಗದ ಮಿತಿಗಳನ್ನು ತೋರಿಸಿಕೊಟ್ಟರು. ವಿಜ್ಞಾನ ನಡೆಯುವ ದಾರಿಯೇ ಇದು. ಒಬ್ಬರು ಹೇಳುವುದು, ಇನ್ನೊಬ್ಬರು ಒರೆಗೆ ಹಚ್ಚುವುದು. ಆದರೆ ಮೊದಲ ಸುದ್ದಿಯನ್ನು ಕೇಳಿದವರೆಲ್ಲ ಎರಡನೆಯದನ್ನು ಕೇಳುವುದಿಲ್ಲ.

೨೦೨೪ರ ಏಪ್ರಿಲ್ ತಿಂಗಳಲ್ಲಿ ಇಂಟೆಲ್ ತನ್ನ ಅತಿ ದೊಡ್ಡ ನರರೂಪಿ ಯಂತ್ರವನ್ನು ಜಗತ್ತಿನ ಮುಂದಿಟ್ಟಿತು. ಹೆಸರು ಹಾಲಾ ಪಾಯಿಂಟ್. ಹೋದುದು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಶಾಲೆಗೆ. ೧,೧೫೨ ಚಿಪ್‌ಗಳು, ೧೧೫ ಕೋಟಿ ಕೃತಕ ನರಕೋಶಗಳು, ಎಂದರೆ ಗೂಬೆಯ ಮಿದುಳಿನಷ್ಟು. ಗಾತ್ರ ಅಡುಗೆಮನೆಯ ಮೈಕ್ರೋವೇವ್ ಒಲೆಯಷ್ಟು. ಅತಿ ಹೆಚ್ಚೆಂದರೆ ೨,೬೦೦ ವ್ಯಾಟ್ ಸಾಕು.

ಈ ಸುದ್ದಿಯನ್ನೋದಿ ಅಂದೇ ಇಂಟೆಲ್ ಷೇರನ್ನು ಕೊಂಡವನ ಗತಿ ಏನಾಯಿತು? ನಾಲ್ಕು ತಿಂಗಳೂ ಕಳೆಯಲಿಲ್ಲ. ಆಗಸ್ಟ್ ೧ರಂದು ಕಂಪನಿ ನಷ್ಟದ ಲೆಕ್ಕವನ್ನು ಒಪ್ಪಿಸಿ, ಸುಮಾರು ಹದಿನೈದು ಸಾವಿರ ಜನರನ್ನು ಕೆಲಸದಿಂದ ಬಿಡಿಸುವುದಾಗಿಯೂ ಲಾಭಾಂಶವನ್ನು ನಿಲ್ಲಿಸುವುದಾಗಿಯೂ ಸಾರಿತು. ಮರುದಿನ ಒಂದೇ ದಿವಸದಲ್ಲಿ ಷೇರು ನೂರಕ್ಕೆ ೨೬ರಷ್ಟು ಕುಸಿಯಿತು. ನವೆಂಬರಿನಲ್ಲಿ ಡೌ ಜೋನ್ಸ್ ಸೂಚ್ಯಂಕದಿಂದ ಇಂಟೆಲ್ ಅನ್ನು ಕೆಳಗಿಳಿಸಿ ಆ ಪೀಠದಲ್ಲಿ ಎನ್ವಿಡಿಯಾವನ್ನು ಕುಳ್ಳಿರಿಸಿದರು.

ಗೂಬೆಯ ಮಿದುಳು ಕೆಟ್ಟದಾಗಿರಲಿಲ್ಲ. ಆದರೆ ಇಂಟೆಲ್‌ನ ಷೇರನ್ನು ಏರಿಳಿಸುತ್ತಿದ್ದುದು ಅದರ ಕಾರ್ಖಾನೆಗಳ ಅಪಾರ ವೆಚ್ಚ, ಕೈತಪ್ಪಿದ ಗಿರಾಕಿಗಳು, ಪ್ರತಿಸ್ಪರ್ಧಿಗಳ ಓಟ. ಪ್ರಯೋಗಶಾಲೆಯ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದೆಯೆಂದ ಮಾತ್ರಕ್ಕೆ ಇಡೀ ಅರಮನೆ ಬೆಳಗಿದಂತಾಗುವುದಿಲ್ಲ.

ಎನ್ವಿಡಿಯಾ ಗೆದ್ದುದಾದರೂ ಹೇಗೆ? ಮಿದುಳನ್ನು ಅನುಕರಿಸಿದ ಚಿಪ್‌ನಿಂದಲ್ಲ. ಚಿತ್ರ ಬಿಡಿಸುವ ಆಟಗಳಿಗೆಂದು ಮಾಡಿದ ಚಿಪ್ ಅನ್ನು ಎಲ್ಲ ಬಗೆಯ ಲೆಕ್ಕಕ್ಕೂ ಒಗ್ಗಿಸುವ ಕೂಡಾ ಎಂಬ ತಂತ್ರಾಂಶವನ್ನು ಅದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪೋಷಿಸಿತು. ಜಗತ್ತಿನ ಇಂಜಿನಿಯರುಗಳು ಆ ಭಾಷೆಯಲ್ಲಿಯೇ ಪಳಗಿದರು. ನರರೂಪಿ ಚಿಪ್‌ಗಳಿಗೆ ಇಂದಿಗೂ ಅಂಥ ಒಂದು ಸರ್ವಸಮ್ಮತ ಭಾಷೆ ಒದಗಿಲ್ಲ. ಹೊಸ ವಾದ್ಯ ಎಷ್ಟೇ ಇಂಪಾಗಿರಲಿ, ನುಡಿಸಬಲ್ಲವರು ಬೇಕಲ್ಲವೆ?

ಒಂದು ಕಾರು, ಒಂದು ಮಾತು

ಇಂಟೆಲ್ ದೊಡ್ಡ ಮರ. ಒಂದು ಕೊಂಬೆ ಮುರಿದರೂ ನಿಂತೀತು. ಈ ವಿದ್ಯೆಯೊಂದನ್ನೇ ನಂಬಿದ ಸಣ್ಣ ಕಂಪನಿಗಳ ಕಥೆ ಇನ್ನೂ ತೀಕ್ಷ್ಣವಾದುದು. ಆಸ್ಟ್ರೇಲಿಯದ ಷೇರುಪೇಟೆಯಲ್ಲಿ ಬ್ರೈನ್‌ಚಿಪ್ ಎಂಬ ಕಂಪನಿಯಿದೆ. ಅಕೀಡಾ ಎಂಬುದು ಅದರ ನರರೂಪಿ ಚಿಪ್. ೨೦೨೨ರ ಜನವರಿಯಲ್ಲಿ ಮರ್ಸಿಡಿಸ್ ಕಂಪನಿ ವಿಷನ್ ಇ.ಕ್ಯೂ.ಎಕ್ಸ್.ಎಕ್ಸ್. ಎಂಬ ಕಾರನ್ನು ಪ್ರದರ್ಶಿಸಿ, ಚಾಲಕನ ಕರೆಯನ್ನು ಗುರುತಿಸಲು ಅಕೀಡಾವನ್ನು ಬಳಸಿರುವುದಾಗಿ ಹೇಳಿತು. ಆ ಒಂದು ಮಾತು ಸಾಕಾಯಿತು. ಹೊಸ ವರ್ಷದ ಮುನ್ನಾದಿನ ಒಂದು ಆಸ್ಟ್ರೇಲಿಯನ್ ಡಾಲರಿಗೂ ಕಡಮೆಯಿದ್ದ ಷೇರು ಮೂರು ವಾರದೊಳಗೆ ಎರಡು ಡಾಲರನ್ನು ದಾಟಿತು.

ಆದರೆ ಆ ಕಾರು ಮಾರಾಟದ ಕಾರಾಗಿರಲಿಲ್ಲ. ಪ್ರಯೋಗಕ್ಕಾಗಿ ಕಟ್ಟಿದ ಮಾದರಿ. ೨೦೨೩ರಲ್ಲಿ ಬ್ರೈನ್‌ಚಿಪ್‌ನ ಇಡೀ ವರ್ಷದ ಆದಾಯ ಹತ್ತು ಲಕ್ಷ ಅಮೆರಿಕನ್ ಡಾಲರನ್ನೂ ಮುಟ್ಟಲಿಲ್ಲ. ಆ ವರ್ಷದ ಕೊನೆಗೆ ಷೇರಿನ ಬೆಲೆ ಇಪ್ಪತ್ತು ಸೆಂಟಿನ ಆಸುಪಾಸಿನಲ್ಲಿತ್ತು. ಎರಡು ಡಾಲರಿಗೆ ಕೊಂಡವನ ಒಂದು ಲಕ್ಷ ಎರಡು ವರ್ಷಗಳಲ್ಲಿ ಹತ್ತು ಸಾವಿರವಾದಂತೆ.

ಮಹೋವಾಲ್ಡಳ ಅಕ್ಷಿಪಟದ ಸಂತತಿಯ ಕಥೆಯೂ ಹೀಗೆಯೇ. ದೃಶ್ಯದಲ್ಲಿ ಏನಾದರೂ ಬದಲಾದಾಗ ಮಾತ್ರ ಸುದ್ದಿ ಕಳುಹಿಸುವ ಕ್ಯಾಮರಾಗಳನ್ನು ಪ್ಯಾರಿಸಿನ ಪ್ರಾಫೆಸಿ ಕಂಪನಿ ಬೆಳೆಸಿತು. ಜಪಾನಿನ ಸೋನಿಯಂಥ ದೈತ್ಯನೇ ಕೈಜೋಡಿಸಿ ೨೦೨೧ರಲ್ಲಿ ಸಂವೇದಕಗಳನ್ನು ಹೊರತಂದಿತು. ಆದರೂ ೨೦೨೪ರಲ್ಲಿ ಪ್ರಾಫೆಸಿ ಹಣದ ಮುಗ್ಗಟ್ಟಿಗೆ ಸಿಕ್ಕಿ ನ್ಯಾಯಾಲಯದ ರಕ್ಷಣೆಗೆ ಹೋಗಬೇಕಾಯಿತು. ದೊಡ್ಡವರ ಸ್ನೇಹ ಗೌರವವನ್ನು ತಂದೀತು; ತಿಂಗಳ ಸಂಬಳವನ್ನು ತರಲೇಬೇಕೆಂದಿಲ್ಲ.

ನಮ್ಮ ಬೆಂಗಳೂರಿನಲ್ಲಿ

ಈ ವಿದ್ಯೆ ನಮ್ಮ ಮನೆಯ ಹೊಸ್ತಿಲಿಗೂ ಬಂದಿದೆಯೆಂಬುದು ಸಂತೋಷದ ವಿಷಯ. ೨೦೨೪ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ, ನವಕಾಂತ ಭಟ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸಾಮಾನ್ಯ ಚಿಪ್‌ನ ನೆನಪಿನ ಕಣಕ್ಕೆ ಸೊನ್ನೆ, ಒಂದು ಎಂಬ ಎರಡೇ ಸ್ಥಿತಿ. ಇವರು ರಚಿಸಿದ ಅಣುಗಳ ತೆಳುಪೊರೆಯಲ್ಲಿ ೧೬,೫೦೦ ಸ್ಥಿತಿಗಳು ಸಾಧ್ಯವಾದವು. ಕೂಡುವುದು ಗುಣಿಸುವುದೆಲ್ಲ ನೆನಪಿದ್ದ ಜಾಗದಲ್ಲಿಯೇ ನಡೆಯಿತು. ಅದನ್ನು ಸಾಮಾನ್ಯ ಮೇಜಿನ ಕಂಪ್ಯೂಟರಿಗೆ ಜೋಡಿಸಿ, ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಿಂದ 'ಸೃಷ್ಟಿಯ ಸ್ತಂಭಗಳು' ಎಂಬ ಪ್ರಸಿದ್ಧ ಆಕಾಶಚಿತ್ರವನ್ನು ಮೂಡಿಸಿ ತೋರಿಸಿದರು. ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾನಿಲಯದವರೂ, ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ವಿಲಿಯಮ್ಸ್‌ರೂ ಇದರಲ್ಲಿ ಸಹಭಾಗಿಗಳು. ಲಿಯೋನ್ ಚುವಾ ೧೯೭೧ರಲ್ಲಿ ಕಾಗದದ ಮೇಲೆ ಊಹಿಸಿದ್ದ ಮೆಮ್ರಿಸ್ಟರ್ ಎಂಬ ನೆನಪುಳ್ಳ ವಿದ್ಯುತ್ ಘಟಕವನ್ನು ೨೦೦೮ರಲ್ಲಿ ಹ್ಯೂಲೆಟ್ ಪ್ಯಾಕಾರ್ಡ್ ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿದ ತಂಡದ ನಾಯಕ ಈ ವಿಲಿಯಮ್ಸ್. ಊಹೆಗೂ ವಸ್ತುವಿಗೂ ನಡುವೆ ಮೂವತ್ತೇಳು ವರ್ಷ! ನಮ್ಮವರ ಈ ಕೆಲಸಕ್ಕೆ ಕೇಂದ್ರ ಸರ್ಕಾರದ ಬೆಂಬಲವಿದೆ. ಹೆಮ್ಮೆಪಡೋಣ, ಆದರೆ ಹೆಮ್ಮೆಗೆ ಷೇರುಪೇಟೆಯಲ್ಲಿ ಬೆಲೆಪಟ್ಟಿಯಿಲ್ಲ.

ಹಣ ಹೂಡುವ ಮುನ್ನ

ಹಾಗಾದರೆ ಸಹಕಾರ ಸಂಶೋಧನೆಯ ಸುದ್ದಿಗೆ ಅರ್ಥವೇ ಇಲ್ಲವೆ? ಇದೆ. ಅದು ಮುಂದಿನ ಹತ್ತಿಪ್ಪತ್ತು ವರ್ಷಗಳ ದಿಕ್ಕನ್ನು ತೋರಿಸುವ ಕೈಮರ. ಕೈಮರ ಊರಿನ ದಾರಿಯನ್ನು ತೋರಿಸುತ್ತದೆ. ಬಸ್ಸಿನ ವೇಳೆಯನ್ನು ಹೇಳುವುದಿಲ್ಲ.

ಆದುದರಿಂದ ಇಂಥ ಸುದ್ದಿ ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಹಣ ಕೊಡುತ್ತಿರುವವರು ಯಾರು? ಸರ್ಕಾರದ ಅನುದಾನವಾದರೆ ಅದು ಜ್ಞಾನಕ್ಕಾಗಿ ಕೊಟ್ಟ ಹಣ, ವ್ಯಾಪಾರದ ಲಕ್ಷಣವಲ್ಲ. ಫಲಿತಾಂಶದ ಒಡೆತನ ಯಾರದು? ಪತ್ರಿಕೆಯಲ್ಲಿ ಪ್ರಕಟವಾದುದನ್ನು ಎದುರಾಳಿಯೂ ಓದುತ್ತಾನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆ ಚಿಪ್‌ಗೆ ಬೆಲೆ ತೆತ್ತು, ಮರುವರ್ಷವೂ ಬಂದು ಕೊಳ್ಳುವ ಗಿರಾಕಿ ಇದ್ದಾನೆಯೆ? ಪ್ರಯೋಗಕ್ಕೆ ಉಚಿತವಾಗಿ ಪಡೆದವನು ಅತಿಥಿ, ಗಿರಾಕಿಯಲ್ಲ. ಮೂರನೆಯ ಪ್ರಶ್ನೆಗೆ ಕಂಪನಿಯ ವಾರ್ಷಿಕ ಲೆಕ್ಕಪತ್ರದಲ್ಲಿ ಉತ್ತರವಿರುತ್ತದೆ, ತಲೆಬರಹದಲ್ಲಿ ಇರುವುದಿಲ್ಲ.

ಮೊನ್ನೆಯ ಭಾನುವಾರ ಇದನ್ನೆಲ್ಲ ಮಾವನವರ ಮುಂದೆ ಹೇಳಿದೆ. ಹಳೆಯ ಮೇಷ್ಟರ ರೀತಿಯಲ್ಲಿ ಕಣ್ಣು ಮುಚ್ಚಿ ಕೇಳಿದರು. ನಡುವೆ ಎರಡು ಸಲ ನನ್ನ ಭಾಗಾಕಾರವನ್ನು ತಿದ್ದಿದರು. ಕೊನೆಗೆ, "ಹಾಗಾದರೆ ಮಿದುಳಿನ ಮೇಲೆ ಹಣ ಹಾಕಬೇಡ ಎನ್ನುತ್ತೀಯೋ?" ಎಂದರು.

"ಹಾಕಿ, ಮಾವ. ಮೊದಲು ಮೊಮ್ಮಗಳ ಮಿದುಳಿನ ಮೇಲೆ ಹಾಕಿ. ಉಳಿದುದರಲ್ಲಿ ಹೋದರೂ ನಿದ್ರೆಗೆಡದಷ್ಟು ಹಣವಿದ್ದರೆ ಆಮೇಲೆ ಸಿಲಿಕಾನಿನ ಮಾತು."

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಅದೇ ಕಾಗದವನ್ನು ತೆಗೆದು, ಹಿಂಬದಿಯ ಖಾಲಿ ಜಾಗದಲ್ಲಿ ಕಾಲೇಜಿನ ನಾಲ್ಕು ವರ್ಷದ ಶುಲ್ಕವನ್ನು ಸಾಲಾಗಿ ಬರೆದು ಕೂಡತೊಡಗಿದರು. ಮೊತ್ತ ಮೂರು ಲಕ್ಷವನ್ನು ಮೀರಿತು.

"ನೋಡಿದೆಯಾ, ಇನ್ನೂ ನಲವತ್ತು ಸಾವಿರ ಬೇಕು" ಎಂದು ಹೇಳಿ, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಎರಡನೆಯ ಲೋಟ ಕಾಫಿಗೆ ಕೈ ನೀಡಿದರು.